ನಾಲ್ಕನೆಯ ಕಾಲಂ

ಆ ನಮೂನೆಯನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದದ್ದಕ್ಕೆಲ್ಲ ಬೇರೆಯವರ ಕಡೆ ಬೆರಳು ತೋರಿಸಲು ಬೇಕಾದಷ್ಟು ಜಾಗವಿದೆ, ನನಗೆ ಆಗಾಗ ಆ ಆಸೆಯೂ ಆಗುತ್ತದೆ.

ನಮ್ಮ ಕಟ್ಟಡದಲ್ಲಿ ನಾಲ್ಕು ಮಹಡಿ, ಇಪ್ಪತ್ತನಾಲ್ಕು ಮನೆ. ನಗರದ ಕಚೇರಿಯವರು ಈ ಸಲ ಹೊಸ ಕ್ರಮವೊಂದನ್ನು ತಂದಿದ್ದರು. ಕಸ ಕಡಿಮೆ ಮಾಡುವ ಯೋಜನೆಯನ್ನು ಅವರು ಬರೆದು ಕಳಿಸುವುದಿಲ್ಲ. ಆಯಾ ಕಟ್ಟಡದವರೇ ಕೂತು, ಯಾವ ಮನೆಯಿಂದ ಏನು ಎಷ್ಟು ಹೊರಗೆ ಹೋಗುತ್ತದೆ ಎಂದು ಎರಡು ವಾರ ತೂಗಿ ನೋಡಿ, ತಮಗೆ ತಾವೇ ನಿಯಮ ಬರೆದು ಕೊಡಬೇಕು. ಕಚೇರಿ ಒಪ್ಪಿದರೆ ಅದೇ ಜಾರಿಗೆ ಬರುತ್ತದೆ. ನಾನು ನಮ್ಮ ಸಂಘದ ಕಾರ್ಯದರ್ಶಿ. ಅಂದರೆ ಎಲ್ಲರೂ ಒಟ್ಟಿಗೆ ಮಾತಾಡುವಾಗ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುವವಳು. ಓದಿದವಳು, ಅಕ್ಷರ ದುಂಡಗಿದೆ ಎಂಬ ಎರಡೇ ಕಾರಣಕ್ಕೆ ಈ ಕೆಲಸ ನನಗೆ ಅಂಟಿಕೊಂಡಿತ್ತು.

ತೂಕ ಬರೆಯುವ ನಮೂನೆಯನ್ನು ನಾನು ಒಂದು ಸಂಜೆ ಸ್ಕೇಲು ಇಟ್ಟು ಗೆರೆ ಎಳೆದು ತಯಾರಿಸಿದೆ. ಹಸಿ ಕಸ, ಒಣ ಕಸ, ಇತರೆ. ಮೂರು ಕಾಲಂ. ಕಚೇರಿಯಿಂದ ಬಂದ ಆರೋಗ್ಯ ನಿರೀಕ್ಷಕಿ ಅದನ್ನು ನೋಡಿ ಮೆಚ್ಚಿಕೊಂಡರು. ಚಿಕ್ಕ ವಯಸ್ಸಿನ ಹುಡುಗಿ, ಪೆನ್ನಿನ ಕ್ಯಾಪು ಕಚ್ಚುವ ಅಭ್ಯಾಸ. "ಡೈಪರ್, ಪ್ಯಾಡು, ಬ್ಯಾಂಡೇಜು, ಇಂಥದ್ದಕ್ಕೆ ಇನ್ನೊಂದು ಕಾಲಂ ಹಾಕೋಣ್ವಾ ಮೇಡಂ? ಬೇರೆ ಬಿಲ್ಡಿಂಗ್‌ನೋರು ಹಾಕಿದ್ದಾರೆ. ಬರೆದುಕೊಟ್ರೆ ಅದಕ್ಕೇ ಅಂತ ಬೇರೆ ಡ್ರಮ್ಮು ಕಳಿಸ್ತೀವಿ," ಎಂದರು.

ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ನಮ್ಮಲ್ಲಿ ಅಂಥದ್ದು ಅಷ್ಟೇನೂ ಇಲ್ಲ," ಎಂದೆ.

ನಮ್ಮ ಮನೆಯ ಬಚ್ಚಲಿನಲ್ಲಿ, ಮುಚ್ಚಳ ಹಾಕಿದ ಬಕೆಟ್ಟಿನೊಳಗೆ, ಆ ಹೊತ್ತಿಗೇ ಹನ್ನೊಂದು ಇದ್ದವು.

ಅವು ನನ್ನ ಮಾವನವರವು. ಮೂವತ್ತಾರು ವರ್ಷ ಗಣಿತ ಕಲಿಸಿದವರು. ಕೆಳಗಿನ ಬೀದಿಯಲ್ಲಿ ಹೋಗುವ ಅರ್ಧ ಜನ ಅವರ ಹತ್ತಿರ ಕಿವಿ ಹಿಂಡಿಸಿಕೊಂಡವರೇ. ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದ ಮೇಲೆ ಎದ್ದು ಓಡಾಡಿಲ್ಲ. ಬುದ್ಧಿ ಮಾತ್ರ ಹೊಸ ಬ್ಲೇಡಿನ ಹಾಗಿದೆ. ಅದೇ ಕಷ್ಟ. ಪ್ರತಿ ಸಲ ನಾನು ಬದಲಾಯಿಸುವಾಗ ಅವರು ಕಣ್ಣು ಮುಚ್ಚಿಕೊಂಡು ಮಗ್ಗಿ ಹೇಳಿಕೊಳ್ಳುತ್ತಾರೆ, ತುಟಿಯೊಳಗೇ. ಹದಿನೇಳರ ಮಗ್ಗಿ ಮುಗಿಯುವುದರೊಳಗೆ ನಾನು ಮುಗಿಸಬೇಕು.

"ಈ ವಿಷಯ ಮೆಟ್ಟಿಲ ಮೇಲಿನ ಹರಟೆ ಆಗಬಾರದು ಕಣೇ," ಎಂದು ನನ್ನ ಗಂಡ ಮೊದಲ ದಿನವೇ ಹೇಳಿದ್ದರು. "ಅಪ್ಪ ತಲೆ ಎತ್ಕೊಂಡು ಬದುಕಿದೋರು." ಹಾಗಾಗಿ ಮಾವನಿಗೆ ಕಾಲು ನೋವು ಎಂದಷ್ಟೇ ಎಲ್ಲರಿಗೂ ಹೇಳಿದ್ದೆವು. ಅಂಗಡಿಯಿಂದ ಪ್ಯಾಕೆಟ್ ತರುವಾಗ ಮೇಲೆ ಒಂದು ಟವೆಲ್ ಹಾಕಿಕೊಂಡು ತರುತ್ತಿದ್ದೆ. ಇವನ್ನು ಎಲ್ಲಿಗೆ ಹಾಕುತ್ತೀಯಮ್ಮ ಎಂದು ಮಾವ ಒಮ್ಮೆ ಕೇಳಿದಾಗ, ಆಸ್ಪತ್ರೆಯವರ ಗಾಡಿ ಬಂದು ತೆಗೆದುಕೊಂಡು ಹೋಗುತ್ತದೆ ಎಂದಿದ್ದೆ. ಸುಳ್ಳನ್ನೂ ನಾನು ಪದ ಆರಿಸಿಯೇ ಹೇಳುವವಳು.

ತೂಗುವ ಎರಡು ವಾರ ಶುರುವಾಗುವ ಮುಂಚೆ ಒಂದು ಶುಕ್ರವಾರ, ಎಲ್ಲರಿಗೂ ಅಭ್ಯಾಸವಾಗಲಿ ಎಂದು ಪರೀಕ್ಷೆಗೆ ತೂಗಿದರು. ಕಸದ ಗಾಡಿ ತರುವ ಹೆಂಗಸನ್ನು ನಾವೆಲ್ಲ ಗಾಡಿಯಮ್ಮ ಎನ್ನುತ್ತೇವೆ. ಅವರು ಗೇಟಿನ ಕಂಬಿಗೆ ಕೊಕ್ಕೆ ತಕ್ಕಡಿ ನೇತುಹಾಕಿ, ಒಂದೊಂದೇ ಚೀಲ ಸಿಕ್ಕಿಸಿ, ಗಂಟಲು ತೆರೆದು ಕೂಗುತ್ತಿದ್ದರು.

"ಹನ್ನೊಂದನೇ ಮನೆ! ಇತರೆ! ಎಂಟೂವರೆ ಕಿಲೋ!"

ನಮ್ಮದು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಅಲ್ಲೇ ಸ್ಕೂಟರ್ ಒರೆಸುತ್ತಿದ್ದರು. "ಏನ್ರೀ ಕಾರ್ಯದರ್ಶಿಗಳೇ, ಮನೇಲಿ ಆನೆ ಸಾಕಿದ್ದೀರಾ?" ಎಂದರು. ನಾಲ್ಕೈದು ಜನ ನಕ್ಕರು.

"ಕಪಾಟು ಖಾಲಿ ಮಾಡಿದೆ," ಎಂದೆ. ಗಾಡಿಯಮ್ಮ ಚೀಲವನ್ನು ಕೊಕ್ಕೆಯಿಂದ ಇಳಿಸುತ್ತ ನನ್ನ ಮುಖವನ್ನೊಮ್ಮೆ ನೋಡಿದರು.

ಮುಂದಿನ ಮಂಗಳವಾರದಿಂದ ಲೆಕ್ಕಕ್ಕೆ ಬರುವ ತೂಕ. ಸಭೆಯಲ್ಲಿ ಓದಿದ ಮೇಲೆ ಅದು ನೋಟೀಸ್ ಬೋರ್ಡಿಗೂ ಬರುತ್ತದೆ. ಮನೆ ನಂಬರು, ಎದುರಿಗೆ ಅಂಕಿ, ನನ್ನದೇ ದುಂಡು ಅಕ್ಷರದಲ್ಲಿ.

ನಮ್ಮ ಎದುರು ಬಾಗಿಲು ಹನ್ನೆರಡನೇ ಮನೆ, ಟೈಲರಕ್ಕನದು. ಐವತ್ತು ದಾಟಿದ ಒಂಟಿ ಹೆಂಗಸು. ಒಂದು ಮೊಣಕಾಲು ಮಡಚುವುದಿಲ್ಲ, ಮೆಟ್ಟಿಲನ್ನು ಒಂದೊಂದೇ, ಕಂಬಿ ಹಿಡಿದು, ಅದಕ್ಕೆ ಬೈಯುತ್ತ ಇಳಿಯುತ್ತಾರೆ. ಮುಂದಿನ ಕೋಣೆಯಲ್ಲೇ ಹೊಲಿಗೆ. "ನಂಗೆ ಗಂಡ ಇಲ್ಲ, ಮಿಷನ್ ಇದೆ. ತುಳಿದ್ರೆ ಕೆಲಸ ಮಾಡುತ್ತೆ, ಎದುರು ಮಾತಾಡಲ್ಲ," ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ತಂಗಿ ಎಂದು. ಮಾವನ ಪಾಯಿಜಾಮಗಳನ್ನು ಸೊಂಟದ ಹತ್ತಿರ ಬಿಚ್ಚಿ, ಪಕ್ಕಕ್ಕೆ ಲಾಡಿ ಇಟ್ಟು, ಮಲಗಿದವರಿಗೂ ಸುಲಭವಾಗಿ ಹಾಕುವ ಹಾಗೆ ಹೊಲಿದುಕೊಟ್ಟಿದ್ದರು. ನಾನು ಹಾಗೆ ಬೇಕೆಂದು ಕೇಳಿರಲಿಲ್ಲ. ಕಾಲು ನೋವು ಎಂದಷ್ಟೇ ಹೇಳಿದ್ದೆ. ಯಾಕೆ ಹಾಗೆ ಹೊಲಿದಿರಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರ ಬಾಗಿಲ ಹೊರಗಿನ ಮೂಲೆಯಲ್ಲಿ ಎರಡು ಚೀಲ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ದೊಡ್ಡದರಲ್ಲಿ ಒಳ್ಳೆಯ ಬಟ್ಟೆಚೂರುಗಳು. ದಿಂಬು ತುಂಬುವವನೊಬ್ಬ ತಿಂಗಳಿಗೊಮ್ಮೆ ಬಂದು ಹೊತ್ತುಕೊಂಡು ಹೋಗುತ್ತಿದ್ದ. ಚಿಕ್ಕದರಲ್ಲಿ ಯಾರಿಗೂ ಬೇಡದ್ದು, ದಾರದ ಗುಂಗುರು, ಮುರಿದ ಗುಂಡಿ, ಕಾಲರಿಗೆ ಕತ್ತರಿಸಿ ಉಳಿದ ಕ್ಯಾನ್‌ವಾಸು. ಮಂಗಳವಾರ ಮತ್ತು ಶುಕ್ರವಾರ ಊಟವಾದ ಮೇಲೆ ಅದನ್ನು ಬಟ್ಟೆಪಟ್ಟಿಯಿಂದ ಕಟ್ಟಿ ಇಡುತ್ತಿದ್ದರು. ನಾಲ್ಕು ಗಂಟೆಗೆ ಗಾಡಿಯಮ್ಮ ಬಂದು ಎಲ್ಲರ ಚೀಲಗಳನ್ನೂ ಕೆಳಗೆ ಒಯ್ಯುತ್ತಿದ್ದರು.

ಆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಾನು ನಮ್ಮ ಬಾಗಿಲ ಹಿಂದೆ ನಿಂತು ಕಾದೆ. ಎದುರು ಮನೆಯ ಮಿಷನ್ ಸದ್ದು ಶುರುವಾಯಿತು. ಮಿಷನ್ ಓಡುತ್ತಿದ್ದರೆ ಟೈಲರಕ್ಕ ಏಳುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು. ಬಕೆಟ್ಟಿನಿಂದ ಕಪ್ಪು ಕವರಿನ ಗಂಟು ತೆಗೆದುಕೊಂಡು ಹೊರಗೆ ಬಂದೆ. ಅವರ ಚಿಕ್ಕ ಚೀಲದ ಪಟ್ಟಿ ಬಿಚ್ಚಿದೆ. ಒಳಗಿಟ್ಟೆ. ಮತ್ತೆ ಅವರು ಕಟ್ಟಿದಂತೆಯೇ ಎರಡು ಕುಣಿಕೆ ಬಿಟ್ಟು ಕಟ್ಟಿದೆ. ಮಿಷನ್ ಸದ್ದು ಒಮ್ಮೆ ನಿಂತಿತು. ದಾರ ಕಡಿಯುವ ಕತ್ತರಿಯ ಸದ್ದಾಗಿ, ಮತ್ತೆ ಓಡಿತು.

ಇದೊಂದೇ ಸಲ ಎಂದುಕೊಂಡೆ. ನಾಲ್ಕು ಸಲ ಮಾಡಿದೆ. ಅವರ ಹೊಲಿಗೆಯ ಸದ್ದನ್ನೇ ಮರೆ ಮಾಡಿಕೊಂಡು ನಾಲ್ಕು ಸಲ. ಕೊನೆಯ ಶುಕ್ರವಾರ ಕವರು ಎಲ್ಲೋ ಹರಿದಿತ್ತು. ನೆಲದ ಮೇಲೆ ಎರಡು ಹನಿ ಕಂಡವು. ಕಾಲೊರೆಸುವ ಬಟ್ಟೆಯಿಂದ ಒರೆಸಿ ಒಳಗೆ ಓಡಿದೆ.

*

ಸಭೆ ಭಾನುವಾರ ಬೆಳಿಗ್ಗೆ, ಕೆಳಗೆ ಗಾಡಿಗಳನ್ನು ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಫ್ಲಾಸ್ಕಿನಲ್ಲಿ ಟೀ. ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು. ಸೈಕಲ್ ಬೆಲ್ಲೊಂದನ್ನು ಹಲಗೆಗೆ ಜೋಡಿಸಿ ಮುಂದೆ ಇಟ್ಟುಕೊಂಡಿದ್ದರು. ಯಾರಾದರೂ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಟ್ರಿಣ್ ಎನ್ನಿಸುತ್ತಿದ್ದರು. ತಾವು ಮಾತಾಡುವಾಗ ಮಾತ್ರ ಅದರ ಮೇಲೆ ಅಂಗೈ ಇಟ್ಟಿರುತ್ತಿದ್ದರು.

ಪಟ್ಟಿ ಓದುವ ಕೆಲಸ ನನ್ನದೇ. ಇತರೆ ಕಾಲಂಗೆ ಬಂದೆ. ಒಂದನೇ ಮನೆ ಮೂರು ಕಿಲೋ, ಎರಡನೇ ಮನೆ ಎರಡೂಮುಕ್ಕಾಲು. ಹನ್ನೊಂದನೇ ಮನೆ ಒಂದೂವರೆ.

"ಹನ್ನೆರಡನೇ ಮನೆ," ಎಂದೆ. "ಮೂವತ್ತಾರೂವರೆ."

"ಎಷ್ಟು?"

"ಮೂವತ್ತಾರೂವರೆ ಕಿಲೋ."

ಎಲ್ಲರೂ ಒಟ್ಟಿಗೆ ತಿರುಗಿದರು. ಟೈಲರಕ್ಕ ಟೀ ಲೋಟವನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದರು. "ಯಾರ್ದು? ನಂದಾ?" ಎಂದು ನಕ್ಕರು. ಯಾರೂ ನಗದಿದ್ದಾಗ ನಗು ನಿಲ್ಲಿಸಿದರು. "ಅಯ್ಯೋ, ನಂದು ವಾರಕ್ಕೆ ಒಂದೂಕಾಲು ಕಿಲೋ ಮೇಲೆ ಬರಲ್ಲಪ್ಪ. ಒಳ್ಳೆ ಚೂರೆಲ್ಲ ದಿಂಬಿನೋನಿಗೆ ಕೊಡ್ತೀನಿ. ದಾರ ತೂಕ ಬರುತ್ತಾ?"

"ತಕ್ಕಡಿ ಸುಳ್ಳು ಹೇಳುತ್ತಾ ಅಕ್ಕ?" ಎಂದರು ಹಲ್ಲಿನ ಡಾಕ್ಟರು. "ಇಡೀ ಬಿಲ್ಡಿಂಗ್ ಒಂದು ಕಡೆ, ನೀವೊಬ್ರೇ ಒಂದು ಕಡೆ."

"ಮನೆ ಅಂದ್ರೆ ಮನೆ. ಫ್ಯಾಕ್ಟರಿ ಅಲ್ಲ," ಎಂದು ಹಿಂದಿನಿಂದ ಯಾರೋ ಸೇರಿಸಿದರು.

"ವಾಸನೇನೂ ಬರುತ್ತೆ ಆ ಮೂಲೇಲಿ. ಎರಡು ವಾರದಿಂದ ನೋಡ್ತಿದ್ದೀನಿ."

"ವಾಸನೆ ನಂಗೂ ಬರುತ್ತೆ ಕಣ್ರೀ! ಯಾವುದೋ ಬೆಕ್ಕು ಬಂದು ಹೇಸಿಗೆ ಮಾಡ್ತಿದೆ ಅಂತ ದಿನಾ ನಾನೇ ತೊಳೀತಿದ್ದೀನಿ, ಈ ಕಾಲಿಟ್ಕೊಂಡು!"

ಟ್ರಿಣ್.

ಅಧ್ಯಕ್ಷರು ಕೆಟ್ಟವರಲ್ಲ. ಅವರಿಗೆ ಎಲ್ಲವೂ ವಿಂಗಡಿಸಿ ಆಯಾ ಡಬ್ಬಿಗೆ ಬೀಳಬೇಕು, ಅಷ್ಟೇ. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಯೋಜನೆಯಲ್ಲಿ ಏಳನೇ ನಿಯಮವೊಂದನ್ನು ಸೇರಿಸುವುದು. ಮುಂದಿನ ಭಾನುವಾರ ಕೊನೆಯ ಸಲ ಓದಿ, ಕೈಯೆತ್ತಿಸಿ, ಸೋಮವಾರ ಕಚೇರಿಗೆ ಒಪ್ಪಿಸುವುದು. "ಬರ್ಕೊಳ್ಳಿ ಮೇಡಂ," ಎಂದರು.

ಬರೆದುಕೊಂಡೆ. 'ಮನೆಯಲ್ಲಿ ವೃತ್ತಿ ನಡೆಸುತ್ತಿರುವವರು ಒಂದು ತಿಂಗಳೊಳಗಾಗಿ ಅದನ್ನು ಬೇರೆಡೆಗೆ ಸ್ಥಳಾಂತರಿಸತಕ್ಕದ್ದು.' ಅಧ್ಯಕ್ಷರು ಹೇಳಿದ್ದು 'ಮಿಷನ್ ಎತ್ತಿಸಬೇಕು' ಎಂದು. ಸ್ಥಳಾಂತರಿಸತಕ್ಕದ್ದು ಎಂಬ ಪದ ನನ್ನದು. ಅದರಲ್ಲಿ ಮಿಷನ್ ಕಾಣುವುದಿಲ್ಲ, ಮೊಣಕಾಲು ಕಾಣುವುದಿಲ್ಲ. ಆ ಕಾಲಿನಲ್ಲಿ ಅವರು ದಿನಾ ಯಾವ ಅಂಗಡಿಗೆ ಹತ್ತಿ ಇಳಿದು ಹೋಗುತ್ತಾರೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದವಳ ಕೈಯಲ್ಲಿ ಪೆನ್ನಿತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಪತ್ರಿಕೆ ಮಡಚಿದರು. "ಎಂಥ ಕೆಲಸ ಮಾಡಿದ್ಯೇ," ಎಂದರು. ಮತ್ತೆ ಅದನ್ನು ಬಿಚ್ಚುತ್ತ, "ಈಗ ಹೇಳಿದ್ರೆ ಅಪ್ಪನ ವಿಷಯ ಊರಿಗೆಲ್ಲ ಗೊತ್ತಾಗುತ್ತೆ. ಆ ಅಕ್ಕನಿಗೆ ಬೇರೆ ಏನಾದ್ರೂ ಸಹಾಯ ಮಾಡೋಣ. ಒಂದು ಒಳ್ಳೆ ಜಾಗ ಹುಡುಕಿ ಕೊಡೋಣ," ಎಂದರು. ನನಗೆ ಆ ಮಾತು ಹಿತವಾಗಿತ್ತು. ಎರಡು ದಿನ ಅದನ್ನೇ ಹಿಡಿದುಕೊಂಡು ಓಡಾಡಿದೆ.

*

ಬುಧವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಟೈಲರಕ್ಕ. ಕೈಯಲ್ಲಿ ಒಂದು ಬಿಳಿ ಹಾಳೆ.

"ಮಿಷನ್ ಮುಂದೆ ಕೂತ್ರೆ ಕೈಯೇ ಓಡ್ತಿಲ್ಲ ತಂಗಿ," ಎಂದು ನಮ್ಮ ಮುಂದಿನ ಕೋಣೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. "ಮೊನ್ನೆ ದಿಂಬಿನೋನು ಬಂದಿದ್ದ. ಚೀಲ ಎತ್ತಿದ, ಮೂಗಿನ ಹತ್ರ ಹಿಡಿದ, ಅಲ್ಲೇ ಬಿಟ್ಟ. ಕೆಳಗೆಲ್ಲ ಒದ್ದೆ ಆಗಿದೆಯಂತೆ, ನಾರ್ತಿದೆಯಂತೆ. 'ಜನ ತಲೆ ಇಟ್ಟು ಮಲಗೋದಕ್ಕೆ ಇದನ್ನ ತುಂಬಲಾ ಅಕ್ಕ? ಇನ್ಮೇಲೆ ನಂಗೆ ಬೇಡ' ಅಂದ. ಹದಿನಾಲ್ಕು ವರ್ಷದಿಂದ ಬರ್ತಿದ್ದ ಕಣೇ. ನನ್ನ ಮೇಲೆ ಯಾರೋ ಹಗೆ ಸಾಧಿಸ್ತಿದ್ದಾರೆ. ಯಾರು ಅಂತ ಗೊತ್ತಾಗ್ತಿಲ್ಲ."

ಎರಡು ಹನಿ. ನಾನು ಒರೆಸಿದ್ದು ನೆಲವನ್ನು ಮಾತ್ರ.

"ನೀನು ಓದಿದೋಳು. ಅಧ್ಯಕ್ಷರಿಗೆ ಒಂದು ಕಾಗದ ಬರೆದುಕೊಡು. ನಾನು ಬಾಯಲ್ಲಿ ಹೇಳಿದ್ರೆ ಜಗಳ ಆಗುತ್ತೆ. ನಿನ್ನ ಹಾಗೆ ಮೆತ್ತಗೆ ಹೇಳೋಕೆ ನಂಗೆ ಬರಲ್ಲ."

ನಾನು ಪೆನ್ನು ತಂದೆ. ಅವರು ಹೇಳಿದರು, ನಾನು ಬರೆದೆ. ನನ್ನ ಮನೆಯ ಕಸ ವಾರಕ್ಕೆ ಒಂದೂಕಾಲು ಕಿಲೋಗಿಂತ ಹೆಚ್ಚಿಲ್ಲ. ಇನ್ನುಳಿದದ್ದು ನನ್ನದಲ್ಲ. ದಯವಿಟ್ಟು ನನ್ನ ಮಾತನ್ನು ನಂಬಬೇಕು. "ಅಲ್ಲಿ 'ದಯವಿಟ್ಟು' ಎರಡು ಸಲ ಹಾಕಿದ್ರೆ ಜಾಸ್ತಿ ಆಗುತ್ತಾ?" ಎಂದು ಕೇಳಿದರು. ಒಂದು ಸಾಕು ಎಂದೆ. ಕೊನೆಯಲ್ಲಿ ಸಹಿ ಹಾಕಿ, ಹಾಳೆಯನ್ನು ದೂರ ಹಿಡಿದು ನೋಡಿ, "ಎಷ್ಟು ಚೆನ್ನಾಗಿ ಬರೆದಿದ್ದೀಯ. ಓದಿದ್ರೆ ನಂಗೇ ನನ್ನ ಮೇಲೆ ನಂಬಿಕೆ ಬರುತ್ತೆ," ಎಂದರು. ಭಾನುವಾರ ಸಭೆಯಲ್ಲಿ ನೀನೇ ಓದು ಎಂದು ಕಾಗದವನ್ನು ನನ್ನ ಕೈಗೇ ಕೊಟ್ಟು ಹೋದರು.

ಬಾಗಿಲು ಹಾಕಿ ತಿರುಗುವುದರೊಳಗೆ ಒಳಕೋಣೆಯಿಂದ ಮಾವ ಕರೆದರು. "ಬಾಮ್ಮ ಇಲ್ಲಿ."

ಎರಡು ದಿಂಬಿನ ಮೇಲೆ ತಲೆ ಎತ್ತರಿಸಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಕೋಣೆಯ ಬಾಗಿಲು ನಾನು ಮುಚ್ಚಿರಲಿಲ್ಲ. ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ, ಈಗಲೂ ಖಚಿತವಾಗಿ ಹೇಳಲಾರೆ.

"ಒಟ್ಟು ಎಷ್ಟು ಬಂದಿತ್ತು ಅವಳದ್ದು?"

"ಮೂವತ್ತಾರೂವರೆ, ಮಾವ."

"ಎರಡು ವಾರಕ್ಕೆ ಅವಳ ಪಾಲು ಎರಡೂವರೆ. ಕಳೆ. ಮೂವತ್ನಾಲ್ಕು. ದಿನಕ್ಕೆ ನಾಲ್ಕರ ಹಾಗೆ ಹದಿನಾಲ್ಕು ದಿನಕ್ಕೆ ಐವತ್ತಾರು. ಒಂದೊಂದಕ್ಕೆ ಆರ್ನೂರು ಗ್ರಾಂ ಚಿಲ್ಲರೆ." ಕಿಟಕಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಆಸ್ಪತ್ರೆ ಗಾಡಿ ಬರುತ್ತೆ ಅಂದಿದ್ದೆ."

"ಅಂದಿದ್ದೆ."

"ನನ್ನ ಲೆಕ್ಕ ತಪ್ಪಿದೆಯಾ?"

"ಇಲ್ಲ ಮಾವ."

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅಷ್ಟು ತಿರುಗಿಸುವುದಕ್ಕೂ ಅವರಿಗೆ ಬಹಳ ಹೊತ್ತು ಬೇಕು. ನಾನು ಹಾಸಿಗೆಯ ಅಂಚು ಹಿಡಿದು ನಿಂತಿದ್ದೆ. "ಸಭೇಲಿ ಹೇಳಿಬಿಡಲಾ ಮಾವ?" ಎಂದೆ. ಇನ್ನೊಮ್ಮೆ ಕೇಳಿದೆ. ಅವರ ತುಟಿ ಅಲ್ಲಾಡುತ್ತಿತ್ತು, ಮಗ್ಗಿಯೋ ಬೇರೇನೋ. ಆ ಮೌನ ಒಪ್ಪಿಗೆಯೋ ಅಲ್ಲವೋ ಎಂದು ನನಗೆ ಇಂದಿಗೂ ಗೊತ್ತಿಲ್ಲ. ನನಗೆ ಬೇಕಾದ ಹಾಗೆ ನಾನು ತೆಗೆದುಕೊಂಡೆ.

*

ಭಾನುವಾರ ಅಧ್ಯಕ್ಷರು ತೂಕಕ್ಕೆ ಸಾಕ್ಷಿ ಇರಲಿ ಎಂದು ಗಾಡಿಯಮ್ಮನನ್ನೂ ಕರೆಸಿದ್ದರು. ಅವರು ಕುರ್ಚಿಯಲ್ಲಿ ಕೂರಲಿಲ್ಲ, ಗೇಟಿಗೆ ಒರಗಿ ನಿಂತಿದ್ದರು. ನನ್ನ ಗಂಡ ಬರಲಿಲ್ಲ. ಬೆಳಿಗ್ಗೆ ನಾನು ಹೇಳುತ್ತೇನೆ ಎಂದಾಗ, "ನಿನ್ನಿಷ್ಟ," ಎಂದು ಶೂ ಪಾಲಿಷ್ ಮಾಡತೊಡಗಿದ್ದರು. ಭಾನುವಾರ ಅವರು ಶೂ ಹಾಕುವುದೇ ಇಲ್ಲ.

ಮೊದಲು ಟೈಲರಕ್ಕನ ಕಾಗದ ಓದಿದೆ. ಇನ್ನುಳಿದದ್ದು ನನ್ನದಲ್ಲ ಎಂಬಲ್ಲಿಗೆ ಬಂದಾಗ ಹಲ್ಲಿನ ಡಾಕ್ಟರು, "ಹಾಗಾದ್ರೆ ಆಕಾಶದಿಂದ ಬಿತ್ತಾ?" ಎಂದರು.

"ನಮ್ಮ ಮನೆಯಿಂದ ಬಿತ್ತು," ಎಂದೆ.

ಕಾಗದ ಮಡಚಿದೆ. ಬರೆದುಕೊಂಡು ಬಂದಿದ್ದ ನಾಲ್ಕು ಸಾಲು ಜ್ಞಾಪಕಕ್ಕೆ ಬರಲಿಲ್ಲ. "ಅದು ಡೈಪರು. ನಮ್ಮ ಮಾವನವರದ್ದು. ಎರಡು ವರ್ಷದಿಂದ ಅವರು ಎದ್ದಿಲ್ಲ. ನಾಲ್ಕು ಸಲ ನಾನು ಅಕ್ಕನ ಚೀಲದಲ್ಲಿ ತುಂಬಿದೆ. ಮೂವತ್ನಾಲ್ಕು ಕಿಲೋ. ಕಚೇರಿಯವರು ಇದಕ್ಕೇ ಬೇರೆ ಕಾಲಂ ಬೇಕಾ ಅಂತ ಕೇಳಿದ್ರು. ನಾನೇ ಬೇಡ ಅಂದೆ."

ಅಧ್ಯಕ್ಷರ ಕೈ ಬೆಲ್ಲಿನ ಮೇಲೆಯೇ ಇತ್ತು. ನಾನು ಟೈಲರಕ್ಕನ ಕಡೆ ನೋಡಲಿಲ್ಲ. ನೋಡಬೇಕಾಗಿತ್ತು.

"ಮೇಷ್ಟ್ರಿಗಾ?" ಎಂದರು ಯಾರೋ, ಬಹಳ ಮೆಲ್ಲಗೆ. ನನ್ನ ಗಂಡ ಹೆದರಿದ್ದು ಆ ಧ್ವನಿಯಲ್ಲಿದ್ದ ಕನಿಕರಕ್ಕೇ.

"ಥೂ, ಇದೊಂದು ದೊಡ್ಡ ಸುದ್ದಿ ಅಂತ!" ಗೇಟಿನ ಕಡೆಯಿಂದ ಗಾಡಿಯಮ್ಮ ಜೋರಾಗಿ ಅಂದರು. "ಚೀಲ ಗಾಡಿಗೆ ಸುರಿಯೋಳು ನಾನು. ನಂಗೆ ಗೊತ್ತಿಲ್ವಾ? ಈ ಬಿಲ್ಡಿಂಗ್‌ನಲ್ಲಿ ಇನ್ನೂ ಐದು ಮನೇದು ಬರುತ್ತೆ. ಅಜ್ಜಂದು, ಅಜ್ಜೀದು, ಮಗೂದು. ಒಬ್ರು ಪೇಪರಲ್ಲಿ ಸುತ್ತಿ ಒಣ ಕಸಕ್ಕೆ ಹಾಕ್ತಾರೆ. ಒಬ್ರು ತರಕಾರಿ ಸಿಪ್ಪೆ ಕೆಳಗೆ ಬಚ್ಚಿಡ್ತಾರೆ. ನಿಮಗೆಲ್ಲ ಮಾನ. ಅಲ್ಲಿ ಶೆಡ್ಡಲ್ಲಿ ಬಿಚ್ಚಿ ಬೇರೆ ಮಾಡೋದು ನನ್ನ ಕೈ." ಎರಡೂ ಅಂಗೈ ಎತ್ತಿ ತೋರಿಸಿದರು. "ಯಾವ ಮನೆ ಅಂತ ಹೇಳಲ್ಲ. ನಾನು ತೂಗೋಳು, ಚಾಡಿ ಹೇಳೋಳಲ್ಲ."

ಕುರ್ಚಿಗಳ ನಡುವೆ ಐದು ಮನೆಯವರು ಎಲ್ಲಿದ್ದರೋ. ಎಲ್ಲರೂ ತಮ್ಮ ತಮ್ಮ ಟೀ ಲೋಟಗಳನ್ನೇ ನೋಡುತ್ತಿದ್ದರು. ಹಲ್ಲಿನ ಡಾಕ್ಟರು ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದವರು ನಿಲ್ಲಿಸಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಏಳನೇ ನಿಯಮ ತೆಗೆಯುವುದೆಂದೂ, ನಾಲ್ಕನೆಯ ಕಾಲಂ ಸೇರಿಸಿ ಕಚೇರಿಯಿಂದ ಬೇರೆ ಡ್ರಮ್ಮು ಕೇಳುವುದೆಂದೂ ತೀರ್ಮಾನವಾಯಿತು. ಕೈಯೆತ್ತಿ ಎಂದಾಗ ಎಲ್ಲರೂ ಬೇಗ ಬೇಗ ಎತ್ತಿದರು. ನಾನು 'ಸ್ಥಳಾಂತರಿಸತಕ್ಕದ್ದು' ಎಂಬುದರ ಮೇಲೆ ಗೆರೆ ಎಳೆದೆ. ಕೆಳಗಿನ ಅಕ್ಷರ ಕಾಣಿಸುತ್ತಿತ್ತು. ಇನ್ನೊಂದು ಎಳೆದೆ.

ಟೈಲರಕ್ಕ ಎದ್ದು ನಿಂತಿದ್ದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಆ ಕಾಗದ ಬರೆಯೋವಾಗ್ಲಾದ್ರೂ ಹೇಳಬಹುದಿತ್ತು," ಎಂದರು. "ಇನ್ನೇನಿಲ್ಲ. ಮೇಷ್ಟ್ರ ವಿಷಯ ನಂಗೆ ಪಾಯಿಜಾಮದ ಅಳತೆ ತಗೊಂಡಾಗ್ಲೇ ಗೊತ್ತಿತ್ತು. ನನ್ನ ಹತ್ರ ಬಂದು, ಅಕ್ಕ, ನಿನ್ನ ಚೀಲದಲ್ಲಿ ಹಾಕ್ಕೊಳ್ಳಲಾ ಅಂದಿದ್ರೆ ಹಾಕ್ಕೋ ಅಂತಿದ್ದೆ." ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಅವತ್ತು ಮೆಟ್ಟಿಲಿಗೂ ಬೈಯಲಿಲ್ಲ.

*

ಕೆಂಪು ಮುಚ್ಚಳದ ಡ್ರಮ್ಮು ಬಂದು ಒಂದು ತಿಂಗಳಾಗುತ್ತ ಬಂತು. ಯೋಜನೆ ಜಾರಿಗೆ ಬಂದ ಮೇಲೂ ತೂಗುವುದು ನಿಂತಿಲ್ಲ. ಮೊದಲ ಮಂಗಳವಾರ ನಾಲ್ಕನೆಯ ಕಾಲಂನಲ್ಲಿ ನಮ್ಮದೊಂದೇ ಮನೆ, ಎಂಟೂಕಾಲು ಕಿಲೋ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಾಗ, ಟವೆಲ್ ಮುಚ್ಚದೆ ಇಳಿಸಿಕೊಂಡು ಹೋದೆ. ಮೂರನೇ ವಾರಕ್ಕೆ ನಾಲ್ಕು ಮನೆಗಳಾದವು. ಮೇಲಿನ ಮಹಡಿಯಿಂದ ಹಲ್ಲಿನ ಡಾಕ್ಟರ ಹೆಂಡತಿ ಒಂದು ಗಂಟು ತಂದು ಹಾಕಿ, "ನಮ್ಮತ್ತೇದು," ಎಂದು ನನ್ನ ಮುಖ ನೋಡದೆ ಹೋದರು. ಇನ್ನೆರಡು ಮನೆ ಯಾವುದೋ ನನಗೆ ಗೊತ್ತಿಲ್ಲ. ಗಾಡಿಯಮ್ಮನ ಕೈಗಳಿಗೆ ಗೊತ್ತು.

ಟೈಲರಕ್ಕನ ಚೀಲ ಈಗ ಮೂಲೆಯಲ್ಲಿ ಇರುವುದಿಲ್ಲ. ಮನೆಯೊಳಗಿಟ್ಟುಕೊಂಡು, ಗಾಡಿ ಬರುವ ದಿನ ತಾವೇ ಹಿಡಿದು ಇಳಿಯುತ್ತಾರೆ, ನಾಲ್ಕು ಗಂಟೆಯ ಗಾಡಿಗೆ ಮೂರೂಮುಕ್ಕಾಲಿಗೇ ಹೊರಟು. ನಾನು ಒಯ್ಯುತ್ತೇನೆ ಎಂದು ಒಮ್ಮೆ ಕೈ ಚಾಚಿದೆ. "ಬೇಡ ಮೇಡಂ," ಎಂದರು. ತಕ್ಕಡಿ ಮುಳ್ಳು ನಿಲ್ಲುವವರೆಗೂ ನಿಂತು, ನಾನು ಬರೆಯುವಾಗ ಹಾಳೆಯ ಮೇಲೆ ಬಗ್ಗಿ ನೋಡುತ್ತಾರೆ. "ಬರೆದ್ರಾ?" "ಬರೆದೆ ಅಕ್ಕ." "ಓದಿ." ಓದುತ್ತೇನೆ. ದಿಂಬಿನವನ ಮನೆ ಹುಡುಕಿಕೊಂಡು ನಾನೇ ಹೋಗಿ ನಡೆದದ್ದನ್ನು ಹೇಳಿ ಬಂದಿದ್ದೇನೆ. ನೋಡೋಣ ಎಂದಿದ್ದಾನೆ. ಇನ್ನೂ ಬಂದಿಲ್ಲ.

ನಿನ್ನೆ ಶುಕ್ರವಾರ. ಅವರದ್ದು ಬರೆದು ಓದಿದ ಮೇಲೂ ಅವರು ಹೋಗಲಿಲ್ಲ. ಬೆರಳನ್ನು ಹಾಳೆಯ ಮೇಲೆ ಜರುಗಿಸಿ ನಮ್ಮ ಸಾಲಿನ ಮೇಲೆ ನಿಲ್ಲಿಸಿದರು. ಅಂಕಿ ಓದಲು ಅವರಿಗೆ ಚೆನ್ನಾಗಿ ಬರುತ್ತದೆ, ಅಳತೆಯೇ ಅವರ ಕಸುಬು.

"ಎಂಟೂಕಾಲು ಇತ್ತು. ಆಮೇಲೆ ಏಳು. ಹೋದ ವಾರ ಆರು. ಇವತ್ತು ಐದೂ ಇಲ್ಲ," ಎಂದರು. "ಕಮ್ಮಿ ಹೆಂಗಾಯ್ತು?"

ನಾನು ಆ ಇಳಿಕೆಯನ್ನು ನೋಡಿದ್ದೆ. ಅಧ್ಯಕ್ಷರು ಅದನ್ನು ತೋರಿಸಿ, ನೋಡಿ ಯೋಜನೆ ಫಲ ಕೊಡುತ್ತಿದೆ ಎಂದಾಗ ತಲೆಯನ್ನೂ ಆಡಿಸಿದ್ದೆ.

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ವಾ?" ಅವರು ಕಂಬಿಯ ಕಡೆ ತಿರುಗುತ್ತ ಅಂದರು. "ಅವರು ನೀರು ಕುಡೀತಿದ್ದಾರಾ ಇಲ್ವಾ ನೋಡಿ, ಹೋಗಿ."

ಪಟ್ಟಿಯನ್ನು ಗಾಡಿಯ ಮೇಲೆಯೇ ಬಿಟ್ಟು ಮೆಟ್ಟಿಲು ಹತ್ತಿದೆ. ಮಾವನ ತಲೆದಿಂಬಿನ ಪಕ್ಕದಲ್ಲಿ ಬೆಳಿಗ್ಗೆ ನಾನಿಟ್ಟ ಲೋಟ ಮುಚ್ಚಳ ಹಾಕಿದ ಹಾಗೆಯೇ ಇತ್ತು. ತೆಗೆದೆ. ಅಂಚಿನವರೆಗೂ ನೀರು. ಕಿಟಕಿಯ ಕೆಳಗಿನ ಹೂವಿನ ಕುಂಡದ ಮಣ್ಣು ಒದ್ದೆಯಾಗಿತ್ತು. ಕೈಚಾಚಿದರೆ ಅವರಿಗೆ ಎಟಕುವಷ್ಟು ದೂರದಲ್ಲಿತ್ತು ಅದು, ಮಧ್ಯಾಹ್ನದ ಲೋಟ ಖಾಲಿಯಾಗಿ ಅದರ ಪಕ್ಕದಲ್ಲಿತ್ತು.

"ಮಾವ," ಎಂದೆ. ಅವರು ಕಣ್ಣು ತೆರೆದರು. ತುಟಿ ಒಣಗಿ ಬಿರಿದಿತ್ತು. ಇಷ್ಟು ದಿನ ಅದು ಬಿಸಿಲಿನಿಂದ ಎಂದುಕೊಂಡಿದ್ದೆ.

"ಕಮ್ಮಿ ಮಾಡಬೇಕು ಅಂತ ತಾನೇ ಯೋಜನೆ?" ಎಂದರು. "ಎಷ್ಟು ಬಂತು ಇವತ್ತು?"

ನಾನು ಹಾಸಿಗೆಯ ಮೇಲೆ ಕೂತು, ಅವರ ಕುತ್ತಿಗೆಯ ಕೆಳಗೆ ಕೈಯಿಟ್ಟು ಎತ್ತಿದೆ. ಲೋಟವನ್ನು ತುಟಿಗೆ ಹಿಡಿದೆ. ಅವರು ಬಾಯಿ ಬಿಗಿಹಿಡಿದು ನನ್ನನ್ನೇ ನೋಡಿದರು.

"ತಪ್ಪಾಯ್ತು ಮಾವ," ಎಂದೆ. ಮನೆಯಲ್ಲಿ ಈ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. "ತೂಕ ಎಷ್ಟಾದ್ರೂ ಬರಲಿ. ನಾನು ಬರೀತೀನಿ."

ಬಹಳ ಹೊತ್ತಾದ ಮೇಲೆ ಒಂದು ಗುಟುಕು ಒಳಗೆ ಹೋಯಿತು. ಆಮೇಲೆ ಇನ್ನೊಂದು. ನಾನು ಎಣಿಸುತ್ತ ಕೂತೆ. ಎದುರು ಮನೆಯಲ್ಲಿ ಬಾಗಿಲು ತೆರೆದ ಸದ್ದಾಯಿತು, ಕುರ್ಚಿ ಎಳೆದ ಸದ್ದು, ಆಮೇಲೆ ಮಿಷನ್ ಓಡತೊಡಗಿತು. ಆ ಸದ್ದು ಕೇಳಿದರೆ ನನ್ನ ಕಣ್ಣು ಈಗಲೂ ಬಾಗಿಲ ಕಡೆ ಹೋಗುತ್ತದೆ. ಲೋಟವನ್ನು ಅವರ ತುಟಿಯಿಂದ ಸರಿಸಲಿಲ್ಲ.